ಜಗುಲಿಯ ಮೇಲೆ ಬ್ಲಾಕುಗಳ ಕಾಳಗ

ಹಲಗೂರಿನಿಂದ ಮುತ್ತತ್ತಿಗೆ ಹೋಗುವ ರಸ್ತೆ ಭಾನುವಾರ ಬಂತೆಂದರೆ ಗಿಜಿಗುಡುತ್ತದೆ. ಮುತ್ತೆತ್ತಿರಾಯನಿಗೆ ಹಣ್ಣುಕಾಯಿ ಮಾಡಿಸಲು ಬರುವವರು, ಹರಕೆ ತೀರಿಸಿ ಹೊಳೆದಂಡೆಯಲ್ಲೇ ಒಲೆ ಹೂಡಿ ಉಂಡು ಹೋಗುವವರು, ಬೆಂಗಳೂರಿನಿಂದ ಬೈಕ್ ಹತ್ತಿ ಕಾಡು ನೋಡಲು ಬಂದವರು. ಈ ದಾರಿಯ ಬದಿಯ ಹಳ್ಳಿಯೊಂದರಲ್ಲಿ ನಮ್ಮ ಅಕ್ಕನ ಮನೆ. ಬೇಸಿಗೆ ರಜೆಯಲ್ಲಿ ಆ ಮನೆಯ ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ದೊಡ್ಡದೊಂದು ವೃತ್ತವಿತ್ತು. ಅದರೊಳಗೆ ಎರಡು ಯಂತ್ರಗಳು ಒಂದರ ಮೇಲೊಂದು ನುಗ್ಗುತ್ತಿದ್ದವು. ಒಂದಕ್ಕೆ ನೆಲ ಕೆರೆಯುವಷ್ಟು ತಗ್ಗಿದ ಮೂತಿ, ಅದರ ಹಿಂದೆ ಮೇಲೇಳುವ ತೋಳು. ಇನ್ನೊಂದರ ಮುಂದೆ ಗಿರ್ರನೆ ತಿರುಗುವ ಅಡ್ಡಪಟ್ಟಿ. ಪಟ್ಟಿಯ ತುದಿ ಎದುರಾಳಿಯ ಪಕ್ಕೆಗೆ ಬಡಿದದ್ದೇ ತಡ, ಟಪ್ ಎಂದು ಬೂದು ಬಣ್ಣದ ಹಲ್ಲುಚಕ್ರವೊಂದು ಹಾರಿ ಹೊಸಿಲಿನವರೆಗೆ ಉರುಳಿತು.

"ನೋಡ್ದಾ ಮಾವ, ಅವಳ್ದು ಕಿತ್ಕಂಡ್ ಹೋಯ್ತು!" ಎಂದ ಅಕ್ಕನ ಮಗ.

"ಕಿತ್ಕಂಡಿಲ್ಲ ಕಣೋ, ಪಿನ್ನು ಬಿಟ್ಕಂಡದೆ ಅಷ್ಟೆ. ತಡಿ, ಹಾಕ್ತೀನಿ" ಎಂದಳು ಎದುರು ಮನೆಯ ಹುಡುಗಿ.

ಅವಳು ಹೇಳಿದ್ದೇ ಈ ಆಟದ ತಿರುಳು. ಆಟಿಕೆ ಬ್ಲಾಕುಗಳಿಂದ ಕಟ್ಟಿದ ರೋಬೋ ಪೆಟ್ಟು ತಿಂದರೆ ಸಾಮಾನ್ಯವಾಗಿ ಮುರಿಯುವುದಿಲ್ಲ, ಬಿಚ್ಚಿಕೊಳ್ಳುತ್ತದೆ. ಎಲ್ಲಿ ಬಿಚ್ಚಿಕೊಂಡಿತೋ ಅಲ್ಲಿ ಕಟ್ಟಿದವರ ಲೆಕ್ಕ ತಪ್ಪಿದೆ. ಸೋತ ಕಾರಣ ಅಂಗೈ ಮೇಲೆ ಇಟ್ಟು ನೋಡುವಷ್ಟು ಸ್ಪಷ್ಟ. ಯಂತ್ರವಿದ್ಯೆಯನ್ನು ಮಕ್ಕಳಿಗೆ ಇಷ್ಟು ನೇರವಾಗಿ, ಇಷ್ಟು ಬೇಗ ಕಲಿಸುವ ಇನ್ನೊಂದು ಆಟ ನನಗಂತೂ ಗೊತ್ತಿಲ್ಲ.

ಮುತ್ತತ್ತಿಯ ಸುತ್ತಿನ ಮಕ್ಕಳಿಗೆ ರಜೆಯಲ್ಲಿ ಹಿರಿಯರು ಹೇಳುವ ಮೊದಲ ಮಾತು, ಹೊಳೆಗೆ ಇಳಿಯಬೇಡಿ. ಮೇಲೆ ನಿಂತು ನೋಡಿದರೆ ತಣ್ಣಗೆ ಹರಿಯುವಂತೆ ಕಾಣುವ ಕಾವೇರಿಯ ಒಡಲಲ್ಲಿ ಬಂಡೆಗಳಿವೆ, ಸುಳಿಗಳಿವೆ. ಈಜಲು ಇಳಿದು ಪ್ರಾಣ ಕಳೆದುಕೊಂಡವರು ಬಹಳ ಮಂದಿ. ಸೀತಮ್ಮನ ಮೂಗುತಿ ಈ ಮಡುವಿಗೆ ಬಿದ್ದಾಗ ಆಂಜನೇಯ ಬಾಲ ಇಳಿಬಿಟ್ಟು ಎತ್ತಿಕೊಟ್ಟ ಎಂಬುದು ಇಲ್ಲಿನ ಸ್ಥಳಪುರಾಣ. ಜಗುಲಿಯ ಕಾಳಗಕ್ಕೂ ಅದೇ ಹೆಸರುಗಳು ಬಂದಿವೆ. ತೋಳೆತ್ತುವ ಹುಡುಗಿಯ ರೋಬೋ 'ಬಾಲ'. ಪಟ್ಟಿ ತಿರುಗಿಸುವ ಹುಡುಗನ ರೋಬೋ 'ಸುಳಿ'. ಒಂದೊಂದರ ತೂಕವೂ ಒಂದು ಕಿಲೋ ಮೀರಬಾರದು, ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡು ಬರಬೇಕು. ಅಂಟು ಹಾಕುವಂತಿಲ್ಲ, ಬ್ಲಾಕು ಕತ್ತರಿಸುವಂತಿಲ್ಲ, ಕಬ್ಬಿಣ ಸೇರಿಸುವಂತಿಲ್ಲ. ವೃತ್ತದಾಚೆ ಬಿದ್ದರೆ ಸೋಲು. ಹತ್ತು ಎಣಿಸುವುದರೊಳಗೆ ಅಲುಗದಿದ್ದರೂ ಸೋಲು.

ಬ್ಲಾಕುಗಳ ಮೂಲ ಡೆನ್ಮಾರ್ಕಿನ ಬಿಲುಂಡ್ ಎಂಬ ಸಣ್ಣ ಊರು. ಅಲ್ಲಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸೆನ್ 1932ರಲ್ಲಿ ಮರದ ಆಟಿಕೆ ಮಾಡಲು ಹೊರಟರು. ಅದೇ ಮುಂದೆ ಲೆಗೊ ಕಂಪನಿಯಾಯಿತು. ಮೇಲೆ ಗುಂಡಿ, ಒಳಗೆ ಕೊಳವೆ ಇರುವ ಇಂದಿನ ಬ್ಲಾಕಿಗೆ ಅವರ ಮಗ ಗಾಡ್‌ಫ್ರೆಡ್ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಅಂದಿನ ಬ್ಲಾಕು ಇಂದಿನದಕ್ಕೂ ಕೂರುತ್ತದೆ. ಹಲ್ಲುಚಕ್ರ, ಅಚ್ಚು, ತೂತಿರುವ ದಂಡಗಳ ಟೆಕ್ನಿಕ್ ಮಾಲಿಕೆ ಬಂದದ್ದು 1977ರಲ್ಲಿ. ಒಳಗೆ ಪುಟ್ಟ ಕಂಪ್ಯೂಟರ್ ಇಟ್ಟುಕೊಂಡ ಮೈಂಡ್‌ಸ್ಟಾರ್ಮ್ಸ್ 1998ರಲ್ಲಿ ಬಂತು. ಆ ಹೆಸರು ಅಮೆರಿಕದ ಎಂಐಟಿಯಲ್ಲಿದ್ದ ಗಣಿತಜ್ಞ ಸೆಮೋರ್ ಪೇಪರ್ಟ್ ಅವರ 1980ರ ಪುಸ್ತಕದ್ದು. ಎಳವೆಯಲ್ಲಿ ಕಾರಿನ ಹಲ್ಲುಚಕ್ರಗಳ ಮೋಹಕ್ಕೆ ಬಿದ್ದು, ಅವುಗಳ ಮೂಲಕವೇ ಗಣಿತ ತನಗೆ ಒಲಿಯಿತು ಎಂದು ಆ ಪುಸ್ತಕದ ಮುನ್ನುಡಿಯಲ್ಲಿ ಅವರು ಬರೆದಿದ್ದಾರೆ. 2022ರ ಕೊನೆಗೆ ಕಂಪನಿ ಮೈಂಡ್‌ಸ್ಟಾರ್ಮ್ಸ್ ಮಾಲಿಕೆಯನ್ನು ನಿಲ್ಲಿಸಿತು. ಮೂಲ ಬ್ಲಾಕಿನ ಪೇಟೆಂಟ್ ಅವಧಿ ಮುಗಿದು ದಶಕಗಳೇ ಆಗಿರುವುದರಿಂದ ಅದೇ ಅಳತೆಯ ಬ್ಲಾಕುಗಳನ್ನು ಬೇರೆಯವರೂ ಮಾಡುತ್ತಾರೆ. ಅಕ್ಕನ ಮನೆಯ ಡಬ್ಬದಲ್ಲಿ ಇರುವುದೂ ಇಂಥ ಬೆರಕೆಯೇ. ಬೆಂಗಳೂರಿನ ನೆಂಟರ ಮಕ್ಕಳು ಆಡಿ ಬಿಟ್ಟದ್ದು ಒಂದಷ್ಟು, ಅಗ್ಗದ ಬ್ಲಾಕು ಒಂದಷ್ಟು. ಅಗ್ಗದವು ಬೇಗ ಸಡಿಲವಾಗುತ್ತವೆ, ಹೊಡೆತ ಬೀಳುವ ಕಡೆ ಅವನ್ನು ಹಾಕಬಾರದು ಎಂಬುದು ಮಕ್ಕಳಿಗೆ ಯಾರೂ ಹೇಳಿಕೊಡದೆ ಗೊತ್ತಾಗಿದೆ.

ಕಾಳಗದ ರೋಬೋ ಎಂದ ಕೂಡಲೇ ಎಲ್ಲರ ಕಣ್ಣೂ ಆಯುಧದ ಮೇಲೆ. ಆದರೆ ಗೆಲುವು ಸೋಲು ಬಹುಮಟ್ಟಿಗೆ ತೀರ್ಮಾನವಾಗುವುದು ಚೌಕಟ್ಟಿನಲ್ಲಿ. ಮಕ್ಕಳು ಮೊದಲು ಕಟ್ಟುವುದು ಮನೆ ಕಟ್ಟಿದ ಹಾಗೆಯೇ, ಒಂದರ ಮೇಲೊಂದು ಒತ್ತಿ. ನೋಡಲು ಗಟ್ಟಿ. ಕೆಳಗಿನಿಂದ ಒಂದು ಪೆಟ್ಟು ಬಿದ್ದರೆ ಇಡೀ ಮೇಲ್ಭಾಗ ಪದರ ಪದರವಾಗಿ ಎದ್ದು ಬರುತ್ತದೆ. ಗುಂಡಿಯ ಹಿಡಿತ ಪಕ್ಕಕ್ಕೆ ತಳ್ಳಿದರೆ ತಡೆಯುತ್ತದೆ, ಮೇಲಕ್ಕೆ ಎಳೆದರೆ ಬಿಟ್ಟುಕೊಡುತ್ತದೆ. ಇದಕ್ಕೆ ಮದ್ದು, ಪದರಗಳ ಪಕ್ಕದಲ್ಲಿ ನೆಟ್ಟಗೆ ಒಂದು ದಂಡ ನಿಲ್ಲಿಸಿ, ಮೇಲಿನ ಬ್ಲಾಕನ್ನೂ ಕೆಳಗಿನ ಬ್ಲಾಕನ್ನೂ ಪಿನ್ನಿನಿಂದ ಅದಕ್ಕೆ ಕೂಡಿಸುವುದು. ಆಗ ಪದರ ಏಳಬೇಕಾದರೆ ಪಿನ್ನು ಅಡ್ಡಡ್ಡ ತುಂಡಾಗಬೇಕು. ಅದು ಅಷ್ಟು ಸುಲಭವಲ್ಲ.

ದಂಡ ನಿಲ್ಲಿಸಲು ಹೋದರೆ ಒಂದು ತೊಡಕು ಎದುರಾಗುತ್ತದೆ. ಇದನ್ನು ಆ ಹುಡುಗಿ ಬಿಡಿಸಿದ ರೀತಿ ನೋಡಬೇಕಿತ್ತು. ದಂಡದಲ್ಲಿ ತೂತಿನಿಂದ ತೂತಿಗೆ 8 ಮಿಲಿಮೀಟರ್. ಬ್ಲಾಕಿನ ಎತ್ತರ ಮಾತ್ರ 9.6 ಮಿಲಿಮೀಟರ್. ಬ್ಲಾಕಿನ ಮೇಲೆ ನೇರವಾಗಿ ಬ್ಲಾಕು ಇಟ್ಟರೆ ತೂತಿಗೆ ತೂತು ಕೂಡುವುದಿಲ್ಲ. ಅವಳು ಶಾಲೆಯ ಸ್ಕೇಲು ತಂದು ಅಳೆದಳು, ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೀಚಿದಳು, ಒಂದು ತೆಳು ಪಟ್ಟಿ ನಡುವೆ ಇಟ್ಟು ನೋಡಿದಳು, ಆಗಲಿಲ್ಲ. ಎರಡು ಇಟ್ಟಳು. ಪಿನ್ನು ಸರಕ್ಕನೆ ಇಳಿಯಿತು. ತೆಳು ಪಟ್ಟಿಯ ದಪ್ಪ 3.2. ಎರಡು ಪಟ್ಟಿ ಸೇರಿದರೆ 6.4. ಅದಕ್ಕೆ 9.6 ಕೂಡಿದರೆ 16, ಅಂದರೆ ಸರಿಯಾಗಿ ಎರಡು ತೂತಿನ ಅಂತರ. ಈ ತಂತ್ರ ಟೆಕ್ನಿಕ್ ಕಟ್ಟುವವರಿಗೆಲ್ಲ ಹಳೆಯ ಪಾಠ. ಅವಳಿಗೆ ಅದನ್ನು ಯಾರೂ ಹೇಳಿರಲಿಲ್ಲ. ದಶಾಂಶದ ಲೆಕ್ಕ ಏಳನೇ ಕ್ಲಾಸಿನ ಪುಸ್ತಕದಲ್ಲೂ ಇದೆ. ಆದರೆ ಅದು ಜೀವ ತಳೆದದ್ದು ಆ ಜಗುಲಿಯ ಮೇಲೆ, ಒಂದು ಪಿನ್ನು ಇಳಿಯದೆ ಹಟ ಹಿಡಿದಾಗ.

ಪಿನ್ನುಗಳಲ್ಲೂ ಜಾತಿಯಿದೆ. ಮೈಮೇಲೆ ಸಣ್ಣ ಗೆರೆಗಳಿರುವ ಕಪ್ಪು ಪಿನ್ನು ಬಿಗಿ, ತಿರುಗುವುದಿಲ್ಲ. ಅದು ಚೌಕಟ್ಟಿಗೆ. ನುಣುಪಾದ ಬೂದು ಪಿನ್ನು ಸಲೀಸಾಗಿ ತಿರುಗುತ್ತದೆ. ಅದು ಕೀಲಿಗೆ. ಹುಡುಗ ಅವಸರದಲ್ಲಿ ಬೂದು ಪಿನ್ನುಗಳನ್ನೇ ಚೌಕಟ್ಟಿಗೆ ಬಡಿದಿದ್ದ. ಕಾಳಗ ಶುರುವಾದ ಮೇಲೆ ಸುಳಿಯ ಮೈ ತಾನೇ ತಾನಾಗಿ ವಾಲತೊಡಗಿತು.

ಇನ್ನು ಮೋಟಾರು. ಲೆಗೊ ಕಂಪನಿ 2007ರಿಂದ ತಂದ ಪವರ್ ಫಂಕ್ಷನ್ಸ್ ಮೋಟಾರುಗಳು ಈಗಲೂ ಹಳೆಯ ಡಬ್ಬಗಳಲ್ಲಿ ಸಿಗುತ್ತವೆ. ಅದರಲ್ಲಿ ಮಧ್ಯಮ ಗಾತ್ರದ್ದು 9 ವೋಲ್ಟಿನಲ್ಲಿ, ಹೊರೆಯಿಲ್ಲದಿದ್ದರೆ, ನಿಮಿಷಕ್ಕೆ ಸುಮಾರು 400 ಸುತ್ತು ತಿರುಗುತ್ತದೆ. ಎಲ್ಲಕ್ಕಿಂತ ದೊಡ್ಡದು ಸುಮಾರು 220 ಸುತ್ತು, ಆದರೆ ಅದರ ತಿರುಚುವ ಬಲ ಎಷ್ಟೋ ಪಾಲು ಹೆಚ್ಚು. ಗಾಲಿಗೆ ಬಲ ಬೇಕು, ತಿರುಗುವ ಆಯುಧಕ್ಕೆ ವೇಗ ಬೇಕು. ಎರಡನ್ನೂ ಹೊಂದಿಸುವುದು ಹಲ್ಲುಚಕ್ರ. ಮೋಟಾರಿನ ಅಚ್ಚಿಗೆ 8 ಹಲ್ಲಿನ ಚಕ್ರ, ಗಾಲಿಯ ಅಚ್ಚಿಗೆ 24 ಹಲ್ಲಿನದು ಹಾಕಿದರೆ ವೇಗ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಬಲ ಹೆಚ್ಚೂಕಡಿಮೆ ಮೂರು ಪಟ್ಟಾಗುತ್ತದೆ. ಒಂದಿಷ್ಟು ಉಜ್ಜಾಟದಲ್ಲಿ ಸೋರಿಹೋಗುತ್ತದೆ. ಬಾಲದ ತೋಳು ಎತ್ತಲು ಹುಡುಗಿ ಹಾಕಿದ್ದು ತಿರುಪಿನ ಆಕಾರದ ವರ್ಮ್ ಗೇರ್. ಅದು ಒಂದು ಸುತ್ತು ಬಂದರೆ ಎದುರಿನ ಚಕ್ರದ ಒಂದೇ ಹಲ್ಲು ಸರಿಯುತ್ತದೆ. ಹಾಗಾಗಿ ನಿಧಾನ, ಆದರೆ ಅಪಾರ ಬಲ. ಮೇಲಾಗಿ ಎದುರಾಳಿ ಎಷ್ಟೇ ಭಾರ ಹೇರಿದರೂ ತೋಳು ಹಿಂದಕ್ಕೆ ಬಗ್ಗುವುದಿಲ್ಲ. ಮೋಟಾರು ನಿಲ್ಲಿಸಿದರೂ ಎತ್ತಿದ್ದು ಎತ್ತಿದಂತೆಯೇ ಇರುತ್ತದೆ.

ಒಂದು ಸಂಜೆ ಇಬ್ಬರಿಗೂ ಒಂದು ಪ್ರಯೋಗ ತೋರಿಸಿದೆ. ಬ್ಯಾಟರಿ ಡಬ್ಬವನ್ನು ಪಕ್ಕಕ್ಕಿಟ್ಟು, ಎರಡು ಮೋಟಾರುಗಳ ವೈರುಗಳನ್ನು ಒಂದಕ್ಕೊಂದು ಕೂಡಿಸಿ, ಒಂದರ ಅಚ್ಚನ್ನು ಬೆರಳಿನಿಂದ ರಭಸವಾಗಿ ತಿರುಗಿಸಿದರೆ ಇನ್ನೊಂದು ತಾನಾಗಿ ತಿರುಗುತ್ತದೆ. ಒಂದು ಕರೆಂಟು ಹುಟ್ಟಿಸುತ್ತಿದೆ, ಇನ್ನೊಂದು ಅದನ್ನು ಉಣ್ಣುತ್ತಿದೆ. ಮೋಟಾರೂ ಜನರೇಟರೂ ಮೂಲದಲ್ಲಿ ಒಂದೇ ಯಂತ್ರ, ಕೆಲಸ ಹಿಂದುಮುಂದು ಅಷ್ಟೆ. ಈ ಪಾಠವನ್ನು ಮಳವಳ್ಳಿ ತಾಲ್ಲೂಕಿನ ಮಕ್ಕಳಿಗೆ ಹೇಳುವಾಗ ದೂರದ ಉದಾಹರಣೆ ಬೇಕಿಲ್ಲ. ಇದೇ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಶುರುವಾದ ವಿದ್ಯುದಾಗಾರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸಿದ್ದು ಆ ಕಾಲಕ್ಕೆ ಜಗತ್ತೇ ತಿರುಗಿ ನೋಡುವ ಸಾಹಸ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದ ಯೋಜನೆ ಅದು. ಕೆಲಸ ಮುಗಿಯುವ ಮುನ್ನವೇ, 1901ರಲ್ಲಿ, ಅವರು ತೀರಿಕೊಂಡರು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ಶಿವನಸಮುದ್ರದ ಟರ್ಬೈನು ತಿರುಗಿಸಿದ ನೀರು ಮುಂದೆ ಶಿಂಷಾ ನದಿಯನ್ನೂ ಕೂಡಿಕೊಂಡು ಮುತ್ತತ್ತಿಯ ಮುಂದೆಯೇ ಹರಿದು ಹೋಗುತ್ತದೆ. ಮಕ್ಕಳು ನಿತ್ಯ ನೋಡುವ ಆ ಹೊಳೆ ಒಂದು ದೊಡ್ಡ ಮೋಟಾರನ್ನು ಹಿಂದುಮುಂದಾಗಿ ತಿರುಗಿಸಿ ಬಂದಿರುತ್ತದೆ. ಇದನ್ನು ಹೇಳಿದಾಗ ಹುಡುಗ ಅಚ್ಚನ್ನು ಇನ್ನೂ ಜೋರಾಗಿ ತಿರುಗಿಸಿ, "ಹಂಗಾರೆ ಇದೂ ಬ್ಲಫ್ಫಾ ಮಾವ?" ಎಂದ. ಶಿವನಸಮುದ್ರದ ವಿದ್ಯುದಾಗಾರದ ಜಾಗವನ್ನು ಇಲ್ಲಿನವರು ಬ್ಲಫ್ ಎಂದೇ ಕರೆಯುವುದು.

ಆಯುಧದ ವಿಷಯಕ್ಕೆ ಬರೋಣ. ಜಗತ್ತಿನಾದ್ಯಂತ ಕಾಳಗದ ರೋಬೋಗಳಲ್ಲಿ ಅತ್ಯಂತ ಭಯಂಕರವಾದದ್ದು ತಿರುಗುವ ಆಯುಧ, ಆಟಗಾರರು ಸ್ಪಿನ್ನರ್ ಎನ್ನುವಂಥದ್ದು. ಅದನ್ನು ನೋಡಿದಾಗ ಮಂಡ್ಯ ಕಡೆಯವರಿಗೆ ನೆನಪಾಗಬೇಕಾದದ್ದು ಬುಗುರಿ. ಚಾಟಿ ಸುತ್ತಿ ಬೀಸಿ ಬಿಟ್ಟ ಬುಗುರಿಯ ಮೊಳೆ ಇನ್ನೊಬ್ಬನ ಬುಗುರಿಯ ತಲೆಗೆ ಗುನ್ನ ಹೊಡೆಯುವ ಆಟದಲ್ಲಿ ಸ್ಪಿನ್ನರ್‌ನ ಇಡೀ ಶಾಸ್ತ್ರ ಅಡಗಿದೆ. ತಿರುಗುವಿಕೆಯಲ್ಲಿ ಶಕ್ತಿ ಕೂಡಿಡುವುದು, ಅದನ್ನೆಲ್ಲ ಒಂದೇ ಕ್ಷಣದಲ್ಲಿ, ಒಂದೇ ಬಿಂದುವಿನಲ್ಲಿ ಖರ್ಚು ಮಾಡುವುದು. ವೇಗ ಎರಡು ಪಟ್ಟಾದರೆ ಕೂಡಿಟ್ಟ ಶಕ್ತಿ ನಾಲ್ಕು ಪಟ್ಟು. ತೂಕ ನಡುವೆ ಇದ್ದರೆ ಲಾಭ ಕಮ್ಮಿ, ಅಂಚಿನಲ್ಲಿದ್ದರೆ ಹೆಚ್ಚು. ಹೊಟ್ಟೆ ದಪ್ಪಗಿರುವ ಬುಗುರಿಯೇ ಗೆಲ್ಲುವುದು ಅದಕ್ಕೇ.

ಹುಡುಗ ಮಧ್ಯಮ ಮೋಟಾರಿಗೆ 24 ಹಲ್ಲಿನ ಚಕ್ರ, ಪಟ್ಟಿಯ ಅಚ್ಚಿಗೆ 8 ಹಲ್ಲಿನದು ಹಾಕಿ ವೇಗವನ್ನು ಮೂರು ಪಟ್ಟು ಏರಿಸಿದ್ದ. ಲೆಕ್ಕಕ್ಕೆ ನಿಮಿಷಕ್ಕೆ 1200 ಸುತ್ತು, ಸೆಕೆಂಡಿಗೆ 20. ಆದರೂ ಪಟ್ಟಿ ಎದುರಾಳಿಯನ್ನು ಸವರಿಕೊಂಡು ಕರಕರ ಸದ್ದು ಮಾಡುತ್ತಿತ್ತೇ ಹೊರತು ಹೊಡೆಯುತ್ತಿರಲಿಲ್ಲ. ವೇಗ ಸಾಲದು ಎಂದು ಅವನ ಗುಮಾನಿ. ನಿಜವಾದ ಕಾರಣ ಬೇರೆ. ಪಟ್ಟಿಗೆ ಎರಡು ತುದಿ, ಅಂದರೆ ಸೆಕೆಂಡಿಗೆ 40 ಬಾರಿ ತುದಿ ಬಂದು ಹೋಗುತ್ತದೆ. ರೋಬೋ ಸೆಕೆಂಡಿಗೆ 40 ಸೆಂಟಿಮೀಟರ್ ವೇಗದಲ್ಲಿ ನುಗ್ಗಿದರೆ ಒಂದು ತುದಿ ಹೋಗಿ ಇನ್ನೊಂದು ಬರುವಷ್ಟರಲ್ಲಿ ಎದುರಾಳಿ ಒಳಗೆ ಬಂದಿರುವುದು ಹೆಚ್ಚೆಂದರೆ ಒಂದೇ ಸೆಂಟಿಮೀಟರ್. ಕಚ್ಚಲು ಅಷ್ಟೇ ಜಾಗ. ಒಂದು ತುದಿಯನ್ನು ಗಿಡ್ಡ ಮಾಡಿ ಅಲ್ಲಿ ಭಾರದ ಗಾಲಿಗುಂಬ ಕೂಡಿಸಿ, ಇನ್ನೊಂದೇ ತುದಿ ಹೊಡೆಯುವಂತೆ ಮಾಡಿದರೆ ಕಚ್ಚು ಎರಡು ಸೆಂಟಿಮೀಟರಿಗೆ ಏರುತ್ತದೆ. ದೊಡ್ಡ ದೊಡ್ಡ ಸ್ಪರ್ಧೆಗಳ ಲೋಹದ ಸ್ಪಿನ್ನರ್‌ಗಳಲ್ಲೂ ಒಂದೇ ಹಲ್ಲಿನ ಆಯುಧ ಕಾಣುವುದು ಈ ಲೆಕ್ಕಕ್ಕೇ. ಹುಡುಗ ಪಟ್ಟಿಯನ್ನು ಬಿಚ್ಚಿ ಹಾಗೆ ಕಟ್ಟಿದ ಮೇಲೆ ಹೊಡೆತದ ಸದ್ದೇ ಬದಲಾಯಿತು. ಕರಕರ ಹೋಗಿ ಟಕ್ ಎಂಬ ಏಟು.

ಗಿಡ್ಡ ತುದಿಯ ಭಾರ ಸರಿದೂಗದಿದ್ದರೆ ಇಡೀ ರೋಬೋ ಗಡಗಡ ನಡುಗಿ ತನ್ನ ಪಿನ್ನುಗಳನ್ನು ತಾನೇ ಉದುರಿಸಿಕೊಳ್ಳುತ್ತದೆ. ಈ ಸಮತೋಲದ ವಿದ್ಯೆಯಲ್ಲಿ ನುರಿತವರು ನಮ್ಮ ಪಕ್ಕದಲ್ಲೇ ಇದ್ದಾರೆ. ಮದ್ದೂರು ದಾಟಿ ಬೆಂಗಳೂರು ದಾರಿ ಹಿಡಿದರೆ ಸಿಗುವ ಚನ್ನಪಟ್ಟಣದ ಕುಶಲಕರ್ಮಿಗಳು ಆಲೆಮರದ ತುಂಡನ್ನು ಕಡೆಯಂತ್ರಕ್ಕೆ ಸಿಕ್ಕಿಸಿ, ಉಳಿಯಿಟ್ಟು ದುಂಡಗೆ ಕಡೆಯುತ್ತಾರೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮೈಗೆ ಹಿಡಿಯುತ್ತದೆ, ತಾಳೆಗರಿ ಒತ್ತಿದರೆ ಹೊಳಪು ಬರುತ್ತದೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲೆ ಇದು. ಮರದ ತುಂಡು ಕೂದಲೆಳೆಯಷ್ಟು ಓರೆ ತಿರುಗಿದರೂ ಅವರ ಕೈಗೆ ತಿಳಿಯುತ್ತದೆ. ರೋಬೋಟಿಕ್ಸ್ ಎಂದರೆ ಅಮೆರಿಕ, ಜಪಾನಿನ ಕಡೆ ನೋಡುವ ನಮ್ಮ ಶಾಲೆಗಳು ಮಕ್ಕಳನ್ನು ಒಂದು ದಿನ ಚನ್ನಪಟ್ಟಣದ ಕಡೆಯಂತ್ರದ ಮುಂದೆ ಕೂರಿಸಬೇಕು. ತಿರುಗುವ ವಸ್ತುವಿನ ನಡತೆ ಅಲ್ಲಿ ತಿಳಿದಷ್ಟು ಚೆನ್ನಾಗಿ ಪುಸ್ತಕದಲ್ಲಿ ತಿಳಿಯುವುದಿಲ್ಲ.

ಬುಗುರಿಯ ಇನ್ನೊಂದು ಗುಣವೂ ಸುಳಿಗೆ ಬಂದಿದೆ. ಜೋರಾಗಿ ತಿರುಗುವ ಬುಗುರಿ ತನ್ನ ಅಚ್ಚಿನ ದಿಕ್ಕನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಒಂದು ಕಡೆ ತಳ್ಳಿದರೆ ಇನ್ನೊಂದು ಕಡೆ ವಾಲುತ್ತದೆ. ಆಯುಧವನ್ನು ನೆಲಕ್ಕೆ ಲಂಬವಾಗಿ, ಗಾಡಿಗಾಲಿಯಂತೆ ನಿಲ್ಲಿಸಿ ತಿರುಗಿಸಿದ ರೋಬೋ ಸರಕ್ಕನೆ ಪಕ್ಕಕ್ಕೆ ತಿರುಗಿದರೆ ಅದರ ಒಂದು ಗಾಲಿ ನೆಲ ಬಿಟ್ಟು ಮೇಲೇಳುತ್ತದೆ. ಮಲಗಿಸಿ ತಿರುಗಿಸಿದರೆ ಈ ಕಾಟವಿಲ್ಲ. ಆದರೆ ಹೊಡೆದ ಏಟಿನಷ್ಟೇ ತಿರುಗೇಟು ತನ್ನ ಮೈಗೂ ಬಿದ್ದು ರೋಬೋ ತಾನೂ ಗಿರಕಿ ಹೊಡೆಯುತ್ತದೆ.

ಇಷ್ಟೆಲ್ಲ ಆಯುಧದ ಮಾತಾಡಿದರೂ ಜಗುಲಿಯಲ್ಲಿ ಹೆಚ್ಚು ಗೆದ್ದದ್ದು ಬಾಲ. ಪ್ಲಾಸ್ಟಿಕ್ಕಿನ ಆಯುಧ ಪ್ಲಾಸ್ಟಿಕ್ಕಿನ ಚೌಕಟ್ಟಿಗೆ ಮಾಡುವ ಹಾನಿಗೆ ಮಿತಿಯಿದೆ. ತಗ್ಗಿದ ಮೂತಿ ಎದುರಾಳಿಯ ಅಡಿಗೆ ಹೋಯಿತೆಂದರೆ ಅದರ ಭಾರ ಗಾಲಿಗಳನ್ನು ಬಿಟ್ಟು ಮೂತಿಯ ಮೇಲೆ ಬರುತ್ತದೆ. ಭಾರವಿಲ್ಲದ ಗಾಲಿಗೆ ಹಿಡಿತವಿಲ್ಲ. ಅದೇ ಭಾರ ಬಾಲದ ಗಾಲಿಗಳಿಗೆ ಸೇರಿ ಅದರ ಹಿಡಿತ ಹೆಚ್ಚುತ್ತದೆ. ಎದುರಾಳಿಯ ತೂಕವನ್ನೇ ತನ್ನ ಬಲ ಮಾಡಿಕೊಂಡು ತಳ್ಳಿಬಿಡುವುದು. ಜಪಾನಿನ ರೋಬೋ ಸುಮೋ ನಿಂತಿರುವುದೇ ಈ ಒಂದು ಸೂತ್ರದ ಮೇಲೆ. ಹುಡುಗಿ ಪ್ರತಿ ಕಾಳಗಕ್ಕೂ ಮುಂಚೆ ಒದ್ದೆ ಬಟ್ಟೆಯಿಂದ ರಬ್ಬರ್ ಟೈರು ಒರೆಸುತ್ತಾಳೆ. ರೆಡ್ ಆಕ್ಸೈಡ್ ನೆಲದ ದೂಳು ಟೈರಿಗೆ ಮೆತ್ತಿದರೆ ಅರ್ಧ ಬಲ ಅಲ್ಲೇ ಹೋಯಿತು.

ರಿಮೋಟಿನದ್ದೊಂದು ಕಥೆ ಹೇಳಲೇಬೇಕು. ಪವರ್ ಫಂಕ್ಷನ್ಸ್ ರಿಮೋಟು ಕೆಲಸ ಮಾಡುವುದು ಟಿವಿ ರಿಮೋಟಿನಂತೆ ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಿಂದ. ಸೂರ್ಯನ ಬೆಳಕಿನಲ್ಲೂ ಅದೇ ಅವಗೆಂಪು ತುಂಬಿ ತುಳುಕುತ್ತದೆ. ಬೆಳಗ್ಗೆ ಜಗುಲಿಯ ನೆರಳಲ್ಲಿ ಹೇಳಿದಂತೆ ಕೇಳುತ್ತಿದ್ದ ಯಂತ್ರಗಳು ಮಧ್ಯಾಹ್ನ ಬಿಸಿಲು ಒಳಗೆ ಬಂದ ಕೂಡಲೇ ಕಿವುಡಾದವು. ಮಕ್ಕಳು ಬ್ಯಾಟರಿ ಬದಲಿಸಿದರು, ವೈರು ಬದಲಿಸಿದರು. ಕೊನೆಗೆ ಅಕ್ಕನ ಹಳೆಯ ಸೀರೆಯನ್ನು ಜಗುಲಿಯ ಕಂಬಗಳಿಗೆ ಅಡ್ಡಕಟ್ಟಿದಾಗ ಸರಿಹೋಯಿತು. ಈಗಿನ ಹೊಸ ಸೆಟ್ಟುಗಳಲ್ಲಿ ಬ್ಲೂಟೂತ್ ಬಂದಿರುವುದರಿಂದ ಈ ತೊಂದರೆಯಿಲ್ಲ. ಬ್ಯಾಟರಿಯದ್ದೂ ಒಂದು ಗುಟ್ಟಿದೆ. ಡಬ್ಬಕ್ಕೆ ಆರು ಸೆಲ್ಲು. ಸಾಧಾರಣ ಸೆಲ್ಲು 1.5 ವೋಲ್ಟಿನದು, ಆರಕ್ಕೆ 9. ಚಾರ್ಜ್ ಮಾಡಿಕೊಳ್ಳುವ ಸೆಲ್ಲು 1.2 ವೋಲ್ಟಿನದು, ಆರಕ್ಕೆ 7.2. ದುಡ್ಡು ಉಳಿಯುತ್ತದೆ, ವೇಗ ಇಳಿಯುತ್ತದೆ. ಆದ್ದರಿಂದ ಇಬ್ಬರೂ ಒಂದೇ ಬಗೆಯ ಸೆಲ್ಲು ಹಾಕಬೇಕು ಎಂಬ ನಿಯಮವೂ ಸೇರಿಕೊಂಡಿತು.

ಸುರಕ್ಷತೆಯ ಬಗ್ಗೆ ಮಾತ್ರ ಸಡಿಲ ಬಿಡಬಾರದು. ಹಾರಿದ ಪ್ಲಾಸ್ಟಿಕ್ ಚೂರು ಸಣ್ಣದಿರಬಹುದು, ಕಣ್ಣಿಗೆ ತಾಗಿದರೆ ಸಣ್ಣದಲ್ಲ. ನೋಡುವವರೆಲ್ಲ ಕನ್ನಡಕ ಹಾಕಬೇಕು, ಇಲ್ಲವೇ ಕಣದ ಸುತ್ತ ಪಾರದರ್ಶಕ ಹಾಳೆಯ ಗೋಡೆ ಇರಬೇಕು. ಡ್ರೋನಿನಿಂದ ಬಿಚ್ಚಿದ ಲಿಥಿಯಂ ಬ್ಯಾಟರಿ ಕೂಡಿಸುವ ಆಸೆ ದೊಡ್ಡ ಹುಡುಗರಿಗೆ ಬರುತ್ತದೆ. ಪೆಟ್ಟು ತಿಂದ ಲಿಥಿಯಂ ಬ್ಯಾಟರಿ ಬೆಂಕಿ ಹತ್ತಿಕೊಳ್ಳಬಹುದು. ಅದು ಬ್ಲಾಕುಗಳ ಕಾಳಗಕ್ಕೆ ಸಲ್ಲ.

ರೋಬೋ ಕಾಳಗಕ್ಕೆ ಹೆಸರು ತಂದವರು ಮಾರ್ಕ್ ಥಾರ್ಪ್ ಎಂಬ ಅಮೆರಿಕದ ಕಲಾವಿದ. ರಿಮೋಟಿನಲ್ಲಿ ಓಡುವ ಕಸ ಹೀರುವ ಯಂತ್ರ ಮಾಡಲು ಹೋಗಿ, ಅದು ಕೈಗೂಡದೆ, 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೋಬೋಗಳ ಕಾಳಗ ಏರ್ಪಡಿಸಿದರು. 1998ರಲ್ಲಿ ಬಿಬಿಸಿಯ ರೋಬೋಟ್ ವಾರ್ಸ್, 2000ದಲ್ಲಿ ಅಮೆರಿಕದ ಬ್ಯಾಟಲ್‌ಬಾಟ್ಸ್ ಟಿವಿಗೆ ಬಂದವು. ನಮ್ಮಲ್ಲಿ ಐಐಟಿ ಬಾಂಬೆಯ ಟೆಕ್‌ಫೆಸ್ಟ್‌ನ ರೋಬೋವಾರ್ಸ್‌ಗೆ ದೇಶದ ಎಂಜಿನಿಯರಿಂಗ್ ಹುಡುಗರು ಮುಗಿಬೀಳುತ್ತಾರೆ. ಅಲ್ಲಿ ಉಕ್ಕು, ಅಲ್ಯೂಮಿನಿಯಂ, ಲಕ್ಷಗಟ್ಟಲೆ ಖರ್ಚು. ಒಂದೇ ಏಟಿಗೆ ತಿಂಗಳುಗಳ ಕೆಲಸ ಪುಡಿಯಾಗುವುದುಂಟು. ಬ್ಲಾಕಿನ ರೋಬೋ ಅರ್ಧ ಗಂಟೆಯಲ್ಲಿ ಮತ್ತೆ ಎದ್ದು ನಿಲ್ಲುತ್ತದೆ. ಕಲಿಯುವ ವಯಸ್ಸಿಗೆ ಬೇಕಾದದ್ದು ಆ ಎರಡನೆಯ ಅವಕಾಶ.

ಹೊಡೆದಾಟವನ್ನು ಮಕ್ಕಳಿಗೆ ಕಲಿಸುವುದೇ ಎಂದು ಕೇಳುವವರಿದ್ದಾರೆ. ನನ್ನ ಪರಿಚಯದ ಶಿಕ್ಷಕರೊಬ್ಬರು ನೇರವಾಗಿಯೇ ಕೇಳಿದರು. ಅವರ ಕಾಳಜಿ ನಿಜವಾದದ್ದು. ಆದರೆ ಜಗುಲಿಯ ಮೇಲೆ ನಾನು ಕಂಡದ್ದು ಬೇರೆಯದೇ. ಹೊಡೆದವನೇ ಹೊಸಿಲಿನವರೆಗೆ ಹೋಗಿ ಉರುಳಿದ ಹಲ್ಲುಚಕ್ರ ಹುಡುಕಿ ತಂದುಕೊಟ್ಟ. ಬಿಚ್ಚಿಕೊಂಡ ಜಾಗದ ಸುತ್ತ ಇಬ್ಬರೂ ತಲೆ ಕೂಡಿಸಿ ಕೂತರು. ಕಪ್ಪು ಗೆರೆಯನ್ನು ಹಿಂಬಾಲಿಸಿ ಓಡುವ ರೋಬೋ, ಅಡ್ಡ ಬಂದದ್ದನ್ನು ತಪ್ಪಿಸುವ ರೋಬೋ ಇವೆಲ್ಲ ಶಾಲೆಗಳ ಪ್ರದರ್ಶನದಲ್ಲಿ ಇದ್ದೇ ಇರುತ್ತವೆ, ಇರಲಿ. ಅವು ಓಡಿದರೆ ಚಪ್ಪಾಳೆ, ಓಡದಿದ್ದರೆ ಮೇಷ್ಟ್ರು ಬಂದು ಸರಿಮಾಡುತ್ತಾರೆ. ಎದುರಾಳಿ ಇರುವ ಯಂತ್ರಕ್ಕೆ ಯಾರ ದಾಕ್ಷಿಣ್ಯವೂ ಇಲ್ಲ. ಅದರ ಕೊರತೆ ಎದುರಾಳಿಯಿಂದಲೇ ಬಯಲಾಗುತ್ತದೆ, ಅದನ್ನು ಮಗು ತಾನೇ ತುಂಬಬೇಕು.

ದೊಡ್ಡ ಅಡ್ಡಿ ದುಡ್ಡು. ಆಟಿಕೆಗಳ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತು. ಇಲ್ಲಿನ ತಯಾರಕರನ್ನು ಕಾಪಾಡುವ ಉದ್ದೇಶ ಸರಿಯೇ. ಹಳ್ಳಿಯ ಮಗುವಿಗೆ ಮಾತ್ರ ಮೋಟಾರಿರುವ ಒಳ್ಳೆಯ ಸೆಟ್ಟು ಇನ್ನಷ್ಟು ದೂರವಾಯಿತು. ಹಲ್ಲುಚಕ್ರ, ಪಿನ್ನು, ಮೋಟಾರಿರುವ ಗಟ್ಟಿ ಬ್ಲಾಕುಗಳನ್ನು ಕೈಗೆಟಕುವ ಬೆಲೆಗೆ ಇಲ್ಲಿಯೇ ಮಾಡುವ ಕೆಲಸ ಆಗಬೇಕಿದೆ. ಕೊಪ್ಪಳದಲ್ಲಿ ಆಟಿಕೆ ತಯಾರಿಕೆಗೆಂದೇ ಕೈಗಾರಿಕಾ ಪ್ರದೇಶ ಎದ್ದಿದೆ. ಅಲ್ಲಿ ಮೊದಲು ಆಗಬೇಕಾದ ಆಟಿಕೆ ಇದೇ ಎಂಬುದು ನನ್ನ ಒತ್ತಾಯ.

ಸರ್ಕಾರದ ದುಡ್ಡು ಈಗಾಗಲೇ ಒಂದಿಷ್ಟು ಹರಿದಿದೆ. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಿಂದ ನಡೆಯುತ್ತಿದೆ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು, 6ರಿಂದ 12ನೇ ತರಗತಿಯ ಮಕ್ಕಳಿಗೆ ಬಳಕೆ. ದೇಶದಲ್ಲಿ ಇಂಥ 10,000 ಲ್ಯಾಬ್‌ಗಳು ಬಂದಿವೆ. ಸರ್ಕಾರಿ ಶಾಲೆಗಳಲ್ಲಿ ಐದು ವರ್ಷಗಳಲ್ಲಿ ಇನ್ನೂ 50,000 ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಹೇಳಿದೆ. ಆದರೆ ನಾನು ಹೋಗಿ ನೋಡಿದ ಒಂದು ಶಾಲೆಯಲ್ಲಿ ಕಿಟ್ಟುಗಳು ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದ್ದವು. ಒಂದು ಪಿನ್ನು ಕಳೆದರೂ ಲೆಕ್ಕ ಕೊಡಬೇಕಾದ ಶಿಕ್ಷಕರು ಬೀಗ ಹಾಕದೆ ಏನು ಮಾಡಿಯಾರು? ಕಳೆಯಲು, ಸವೆಯಲು, ಮುರಿಯಲು ಒಂದಷ್ಟು ಪಾಲು ಎಂದು ಇಲಾಖೆಯೇ ಬರೆದುಕೊಟ್ಟರೆ ಬೀರು ತೆರೆಯುತ್ತದೆ.

ಆಮೇಲೆ ಬೇಕಾದದ್ದು ಒಂದು ನೆಪ. ಕ್ಲಸ್ಟರ್, ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ನಡೆಯುವ ಪ್ರತಿಭಾ ಕಾರಂಜಿಯ ಜೊತೆಗೆ, ಇಲ್ಲವೇ ವಿಜ್ಞಾನ ವಸ್ತುಪ್ರದರ್ಶನದ ದಿನ, ಬ್ಲಾಕು ರೋಬೋಗಳ ಕಾಳಗವನ್ನೂ ಇಡಬಹುದು. ನಿಯಮಗಳನ್ನು ಹೊಸದಾಗಿ ಹೆಣೆಯಬೇಕಿಲ್ಲ. ಜಗತ್ತಿನಲ್ಲೆಲ್ಲ ಚಾಲ್ತಿಯಲ್ಲಿರುವ ಮಿನಿ ಸುಮೋ ಇದೆ. ರೋಬೋ 500 ಗ್ರಾಂ ಮೀರಬಾರದು, ಉದ್ದ ಅಗಲ 10 ಸೆಂಟಿಮೀಟರ್ ದಾಟಬಾರದು. ಮಕ್ಕಳ ಬ್ಲಾಕುಗಳಿಗೆ ಇದು ಇಕ್ಕಟ್ಟು ಎನಿಸಿದರೆ ಅಕ್ಕನ ಮನೆಯ ಒಂದು ಕಿಲೋ ನಿಯಮವೇ ಸಾಕು, ಕಣವನ್ನು ಸ್ವಲ್ಪ ದೊಡ್ಡದು ಮಾಡಿಕೊಳ್ಳಬೇಕು. ಮಿನಿ ಸುಮೋ ಕಣವೆಂದರೆ 77 ಸೆಂಟಿಮೀಟರ್ ಅಡ್ಡಳತೆಯ ಕಪ್ಪು ಹಲಗೆ, ಅಂಚಿಗೆ ಎರಡೂವರೆ ಸೆಂಟಿಮೀಟರ್ ಬಿಳಿ ಪಟ್ಟೆ. 8 ಅಡಿ ಉದ್ದ, 4 ಅಡಿ ಅಗಲದ ಒಂದು ಪ್ಲೈವುಡ್ ಹಾಳೆಯಲ್ಲಿ ಇಂಥ ಮೂರು ಕಣ ಬರುತ್ತವೆ. ಹಲಗೂರಿನ ಯಾವ ಬಡಗಿಯನ್ನು ಕೇಳಿದರೂ ಅರ್ಧ ದಿನದಲ್ಲಿ ಕೊಯ್ದು ಕೊಡುತ್ತಾರೆ.